ಎರಡನೇ ಸಲ ಕೊಂಡ ಪ್ಯಾಲೆಟೈಸರ್: ತೂಬಿನಕೆರೆಯಿಂದ ಮೂರು ವರ್ಷದ ಅನುಭವ

ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಪಶು ಆಹಾರದ ಫ್ಯಾಕ್ಟರಿ ಇದೆ. ಇಲ್ಲಿ ಹದಿನೇಳು ವರ್ಷದಿಂದ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದೇನೆ. ಎರಡು ಪಾಳಿಯಲ್ಲಿ 120 ಟನ್ ಫೀಡ್ ಆಗುತ್ತದೆ. ಅಷ್ಟನ್ನೂ ಹಗಲು ಪಾಳಿಯಲ್ಲೇ 50 ಕೆಜಿ ಚೀಲಕ್ಕೆ ತುಂಬುತ್ತೇವೆ, ಅಂದರೆ ದಿನಕ್ಕೆ 2400 ಚೀಲ. ಹೊಲಿಗೆ ಆದ ಚೀಲವನ್ನು ಎತ್ತಿ ಪ್ಯಾಲೆಟ್ (ಫೋರ್ಕ್‌ಲಿಫ್ಟ್‌ನಲ್ಲಿ ಎತ್ತುವ ಹಲಗೆಯ ಮಣೆ) ಮೇಲೆ ಅಟ್ಟಿ ಹಾಕಲು 2022ರಲ್ಲಿ ರೋಬೋಟ್, ಅಂದರೆ ಪ್ಯಾಲೆಟೈಸರ್ ಕೂರಿಸಿದೆವು. ಅದನ್ನು ಕೊಟ್ಟ ಸಪ್ಲೈಯರ್ ಹೇಗೆ, ಅವರನ್ನು ಹೇಗೆ ಹುಡುಕಿದೆವು ಅಂತ ಬರೆಯುತ್ತಿದ್ದೇನೆ. ಈ ಕಡೆಯ ಅಕ್ಕಿ ಗಿರಣಿಯವರು, ಬೆಲ್ಲದ ಪುಡಿ ಮಾಡುವವರು, ನಂಜನಗೂಡು ಕಡೆಯ ಒಂದಿಬ್ಬರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಂದೇ ಸಲ ಬರೆದಿಡುವುದು ಒಳ್ಳೆಯದು ಅನ್ನಿಸಿತು. ಕಂಪನಿಗಳ ಹೆಸರು ಹಾಕುವುದು ಬೇಡ ಅಂತ ನಮ್ಮ ಮಾಲೀಕರು ಹೇಳಿದ್ದಾರೆ. ಹಾಗಾಗಿ ಈಗಿನವರನ್ನು ಪೀಣ್ಯದವರು ಅಂತ ಕರೆಯುತ್ತೇನೆ, ಹಿಂದಿನವರನ್ನು ಮೊದಲಿನವರು ಅಂತ.

ಮಷಿನ್ ಯಾಕೆ ಬೇಕಾಯಿತು ಅನ್ನುವುದನ್ನು ಮೊದಲು ಹೇಳುತ್ತೇನೆ. ಹೊಲಿಗೆ ಮಷಿನ್ ಮುಂದೆ ಆರು ಜನ ಹಮಾಲಿಗಳು ನಿಲ್ಲುತ್ತಿದ್ದರು. 2400 ಚೀಲವನ್ನು ಆರು ಜನ ಎತ್ತಿದರೆ ತಲೆಗೆ 400 ಚೀಲ. ಒಂದೊಂದು ಚೀಲ 50 ಕೆಜಿ. ದಿನಕ್ಕೆ ಒಬ್ಬ ಮನುಷ್ಯನ ಬೆನ್ನ ಮೇಲೆ 20 ಟನ್! ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಸು ಕೈಯಿಂದ ಸಾಗಿಸುವ ಭಾರ 55 ಕೆಜಿ ಮೀರಬಾರದು ಅಂತ ಶಿಫಾರಸು ಮಾಡಿದೆ. ನಮ್ಮ ಚೀಲ ಆ ಗೆರೆಯೊಳಗೇ ಇದೆ. ಆದರೆ ಅದೇ ಭಾರವನ್ನು 400 ಸಲ ಎತ್ತಿದರೆ ಸೊಂಟ ಏನಾಗಬೇಕು ಹೇಳಿ. ನಮ್ಮ ಹಿರಿಯ ಹಮಾಲಿ ಒಬ್ಬರು ಮಧ್ಯಾಹ್ನ ಊಟಕ್ಕೆ ಕೂರುತ್ತಿರಲಿಲ್ಲ, ಗೋಡೆಗೆ ಒರಗಿ ನಿಂತೇ ಮುದ್ದೆ ತಿನ್ನುತ್ತಿದ್ದರು. ಕೂತರೆ ಮತ್ತೆ ಏಳುವುದು ಕಷ್ಟ ಅನ್ನುತ್ತಿದ್ದರು. ಅದನ್ನು ವರ್ಷಗಟ್ಟಲೆ ನೋಡಿದವನು ನಾನು. ಇನ್ನೊಂದು ಕಡೆ ಕಬ್ಬು ಕಡಿಯುವ ಕಾಲ ಬಂದರೆ ಜನ ಸಿಗುತ್ತಿರಲಿಲ್ಲ. ಹಬ್ಬ ಬಂದರೆ ಲೈನೇ ನಿಲ್ಲುತ್ತಿತ್ತು.

2016ರಲ್ಲಿ ಮೊದಲ ಮಷಿನ್ ಬಂತು. ಬೆಲೆ 21 ಲಕ್ಷ, ಬಂದ ಕೊಟೇಶನ್‌ಗಳಲ್ಲಿ ಎಲ್ಲಕ್ಕಿಂತ ಕಡಿಮೆ. ರೋಬೋಟ್ ಅಲ್ಲ, ಕಬ್ಬಿಣದ ಚೌಕಟ್ಟಿನ ಮೇಲೆ ಹಿಂದೆ ಮುಂದೆ ಓಡಾಡಿ ಚೀಲ ಇಳಿಸುವ ಗ್ಯಾಂಟ್ರಿ. ಸುಮ್ನೆ ಬೈಯಬಾರದು, ಮೊದಲ ಎರಡು ವರ್ಷ ಅದು ಚೆನ್ನಾಗೇ ಓಡಿತು. ಆಮೇಲೆ ಕರೆದಾಗ ಬರುತ್ತಿದ್ದ ಸರ್ವಿಸ್ ಹುಡುಗ ಕೆಲಸ ಬಿಟ್ಟ. ಅವನ ಜಾಗಕ್ಕೆ ಬಂದವನಿಗೆ ನಮ್ಮ ಮಷಿನ್ ಗೊತ್ತಿರಲಿಲ್ಲ. ಅವನೂ ಬಿಟ್ಟ ಮೇಲೆ ಆಫೀಸಿನ ಫೋನ್ ಮಾತ್ರ ಉಳಿಯಿತು.

2021ರ ಜುಲೈನಲ್ಲಿ ಒಂದು ಭಾನುವಾರ ಲೈನ್ ಕೆಲಸ ಅಂತ ಸೆಸ್ಕ್‌ನವರು ಇಡೀ ದಿನ ಕರೆಂಟ್ ತೆಗೆದಿದ್ದರು. ಸೋಮವಾರ ಬೆಳಿಗ್ಗೆ ಸ್ವಿಚ್ ಹಾಕಿದರೆ ಗ್ಯಾಂಟ್ರಿ ಅಲ್ಲಾಡಲಿಲ್ಲ. ಪ್ಯಾನಲ್ ಒಳಗೆ ಪಿಎಲ್‌ಸಿ (ಮಷಿನ್ ನಡೆಸುವ ಸಣ್ಣ ಕಂಪ್ಯೂಟರ್) ಮೇಲೆ ಒಂದು ಕೆಂಪು ದೀಪ ಉರಿಯುತ್ತಿತ್ತು. ಅದು ಎಷ್ಟೋ ತಿಂಗಳಿಂದ ಉರಿಯುತ್ತಿತ್ತು ಅಂತ ನಮ್ಮ ಎಲೆಕ್ಟ್ರಿಶಿಯನ್ ಆಮೇಲೆ ಹೇಳಿದ. ಅದೇನು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗಿನ ಬ್ಯಾಟರಿ ಸತ್ತಿದೆ ಅನ್ನುವ ಸೂಚನೆ ಅದು. ಕೆಲವು ಪಿಎಲ್‌ಸಿಗಳಲ್ಲಿ ಕರೆಂಟ್ ಇಲ್ಲದಾಗ ಪ್ರೋಗ್ರಾಂ ಉಳಿಯುವುದೇ ಆ ಬ್ಯಾಟರಿಯಿಂದ. ನಾಲ್ಕೈದು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಬೆರಳಿನ ಗಾತ್ರದ, ಕೆಲವು ನೂರು ರೂಪಾಯಿಯ ವಸ್ತು. ಕರೆಂಟ್ ಹೋದ ಆ ಒಂದು ದಿನದಲ್ಲಿ ಪ್ರೋಗ್ರಾಂ ಪೂರ್ತಿ ಅಳಿಸಿಹೋಗಿತ್ತು.

ಮೊದಲಿನವರಿಗೆ ಫೋನ್ ಮಾಡಿದೆ. ನಮ್ಮ ಮಷಿನ್‌ನ ಬ್ಯಾಕಪ್ ಅವರ ಹತ್ತಿರವೂ ಇರಲಿಲ್ಲ. ಬರೆದ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಇತ್ತಂತೆ, ಅವನು ಹೋದಾಗ ಅದೂ ಹೋಯಿತಂತೆ. ಹೊಸದಾಗಿ ಬರೆಯಲು ನಾಲ್ಕೂವರೆ ಲಕ್ಷ ಕೇಳಿದರು. ನಾವು ಮೈಸೂರಿನ ಹೆಬ್ಬಾಳದಲ್ಲಿ ಆಟೋಮೇಷನ್ ಕೆಲಸ ಮಾಡುವ ಇಬ್ಬರು ಹುಡುಗರನ್ನು ಕರೆತಂದೆವು. ಅವರು ವೈರ್ ಒಂದೊಂದನ್ನೇ ಹಿಡಿದು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಬರೆದುಕೊಂಡರು. ಸೆನ್ಸರ್ ಹತ್ತಿರ ಬಂದಾಗ ಒಬ್ಬ ಟಾರ್ಚ್ ಬಿಟ್ಟು ನನಗೆ ತೋರಿಸಿದ. ತಯಾರಕರ ಹೆಸರು, ಮಾಡೆಲ್ ನಂಬರ್ ಇದ್ದ ಜಾಗವನ್ನು ಬ್ಲೇಡಿನಿಂದ ಕೆರೆದಿದ್ದರು. ಅದರ ಮೇಲೆ ತಮ್ಮದೇ ನಂಬರಿನ ಸ್ಟಿಕ್ಕರ್ ಅಂಟಿಸಿದ್ದರು. ಅಂದರೆ ಪ್ರತಿ ಸಲ ಅವರ ಹತ್ತಿರವೇ ಕೊಳ್ಳಬೇಕು. ಐದು ವರ್ಷ ಆ ಸೆನ್ಸರ್ ಕಣ್ಣೆದುರಿಗೇ ಇತ್ತು, ನಾವು ಯಾರೂ ಗಮನಿಸಿರಲಿಲ್ಲ. ಆ ಕೆರೆದ ಗುರುತು ನೋಡಿದಾಗ ನನಗೆ ಆದ ಸಂಕಟ ಮಷಿನ್ ನಿಂತಾಗಲೂ ಆಗಿರಲಿಲ್ಲ.

ಮಷಿನ್ ನಿಂತದ್ದು 19 ದಿನ. ಆ 19 ದಿನವೂ ಹಳೆಯ ಹಮಾಲಿಗಳೇ ಬಂದು ಎತ್ತಿದರು.

ಆಮೇಲೆ ಗ್ಯಾಂಟ್ರಿ ಕುಂಟುತ್ತಾ ಓಡಿತು. ಹೊಸದು ಬೇಕು ಅಂತ ಮಾಲೀಕರೇ ಹೇಳಿದರು. ಈ ಸಲ ಹುಡುಕುವ ಕೆಲಸ ನನಗೆ ಕೊಟ್ಟರು. ನಾನು ಕೇಳಿಕೊಂಡದ್ದು ಒಂದೇ, ಕೊಟೇಶನ್‌ಗಳನ್ನು ಮೊದಲು ತೆರೆಯಬಾರದು. ಬೆಲೆ ನೋಡಿದ ಮೇಲೆ ಬೇರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ?

ಕೊನೆಗೆ ಮೂರು ಕಂಪನಿ ಉಳಿದವು. ಪುಣೆಯ ದೊಡ್ಡವರು, ಕೊಯಮತ್ತೂರಿನ ಮಷಿನ್ ತಯಾರಕರು, ಬೆಂಗಳೂರಿನ ಪೀಣ್ಯದ ಮಧ್ಯಮ ಗಾತ್ರದವರು. ಮೂವರೂ ರೋಬೋಟ್ ತಯಾರಿಸುವವರಲ್ಲ, ರೋಬೋಟ್ ತಂದು ಸುತ್ತಲಿನ ವ್ಯವಸ್ಥೆ ಮಾಡಿಕೊಡುವವರು. ಹೊಸಬರಿಗೆ ಈ ವ್ಯತ್ಯಾಸ ಬೇಗ ತಿಳಿಯುವುದಿಲ್ಲ. ರೋಬೋಟ್ ಕೈ ಮಾಡುವವರು ಫನುಕ್, ಎಬಿಬಿ, ಕೂಕಾ, ಯಾಸ್ಕಾವಾ ಇಂಥ ಕೆಲವೇ ಕಂಪನಿಗಳು. ಆ ಕೈ ಕೆಡುವುದು ಬಹಳ ಅಪರೂಪ. ಕೆಡುವುದು ಅದರ ಸುತ್ತ ಇರುವವು: ಚೀಲ ಹಿಡಿಯುವ ಗ್ರಿಪ್ಪರ್, ಕನ್ವೇಯರ್ ರೋಲರ್, ಸೆನ್ಸರ್, ಗಾಳಿಯ ವಾಲ್ವ್, ಖಾಲಿ ಪ್ಯಾಲೆಟ್ ಇಳಿಸುವ ಮ್ಯಾಗಜಿನ್. ಅವನ್ನೆಲ್ಲ ಮಾಡುವುದು ಸಪ್ಲೈಯರ್. ಹಾಗಾಗಿ ಯಾವ ಬ್ರ್ಯಾಂಡ್ ರೋಬೋಟ್ ಅಂತ ಒಂದು ದಿನ ಯೋಚಿಸಿದರೆ, ಯಾರು ಕೂರಿಸುತ್ತಾರೆ ಅಂತ ಮೂರು ತಿಂಗಳು ಯೋಚಿಸಬೇಕು.

ಮೂವರೂ ತಮ್ಮ ಹೊಸ ಮಷಿನ್ ತೋರಿಸುತ್ತೇವೆ ಬನ್ನಿ ಅಂದರು. ನಾನು ಹಳೆಯದನ್ನು ಕೇಳಿದೆ. ನೀವು ಕೊಟ್ಟಿದ್ದರಲ್ಲಿ ಈಗಲೂ ಓಡುತ್ತಿರುವ ಎಲ್ಲಕ್ಕಿಂತ ಹಳೆಯ ಮಷಿನ್ ಎಲ್ಲಿದೆ? ನಾನೊಬ್ಬನೇ ಹೋಗಿ ನೋಡುತ್ತೇನೆ, ನಿಮ್ಮ ಸೇಲ್ಸ್‌ನವರು ಜೊತೆಗೆ ಬರುವುದು ಬೇಡ. ಪುಣೆಯವರು ಎರಡು ವಾರ ಉತ್ತರ ಕೊಡಲಿಲ್ಲ. ಆಮೇಲೆ ಒಂದೂವರೆ ವರ್ಷದ ಹಿಂದೆ ಕೂರಿಸಿದ ಜಾಗದ ವಿಳಾಸ ಕೊಟ್ಟರು. ಕೊಯಮತ್ತೂರಿನವರು ಆರು ವರ್ಷದ್ದು ತೋರಿಸಿದರು. ಅದು ನಿಜವಾಗಲೂ ಗಟ್ಟಿ ಮಷಿನ್, ವೆಲ್ಡಿಂಗ್ ನೋಡಿದರೇ ಖುಷಿಯಾಗುತ್ತಿತ್ತು. ಪೀಣ್ಯದವರು ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಗೆ ಕಳಿಸಿದರು. ಅಲ್ಲಿನ ಮಷಿನ್‌ಗೆ ಒಂಬತ್ತು ವರ್ಷ.

ಗಂಗಾವತಿಯಲ್ಲಿ ನಾನು ಮ್ಯಾನೇಜರ್ ರೂಮಿನಲ್ಲಿ ಕೂರಲಿಲ್ಲ. ಆಪರೇಟರ್ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಇಡೀ ಪಾಳಿ ಕೂತೆ. ಮಷಿನ್‌ನ ಬಣ್ಣ ಹೋಗಿತ್ತು. ಗ್ರಿಪ್ಪರ್ ಬೆರಳಿಗೆ ಎರಡು ಕಡೆ ವೆಲ್ಡಿಂಗ್ ತೇಪೆ ಇತ್ತು. ಆದರೂ ಮಷಿನ್ ನಿಂತಾಗಲೆಲ್ಲ ಆಪರೇಟರ್ ಗಾಬರಿಯಾಗುತ್ತಿರಲಿಲ್ಲ. ಸ್ಕ್ರೀನ್ ನೋಡಿ, ಒಂದು ಕಡೆ ಒರೆಸಿ, ಮತ್ತೆ ಶುರು ಮಾಡುತ್ತಿದ್ದ. ಕೊನೆಯ ಸಲ ಕಂಪನಿಗೆ ಯಾವಾಗ ಫೋನ್ ಮಾಡಿದೆ ಅಂತ ಕೇಳಿದೆ. ಹೋದ ತಿಂಗಳು ಅಂದ. ಯಾರು ಎತ್ತಿದರು ಅಂದೆ. ಮಷಿನ್ ಕೂರಿಸಲು ಬಂದಿದ್ದರಲ್ಲ, ಅವರೇ, ಈಗ ಅವರು ಸರ್ವಿಸ್ ಮುಖ್ಯಸ್ಥರು ಅಂದ. ಒಂಬತ್ತು ವರ್ಷದ ಹಿಂದೆ ಸ್ಪ್ಯಾನರ್ ಹಿಡಿದು ಬಂದ ಹುಡುಗ ಅದೇ ಕಂಪನಿಯಲ್ಲಿ ಇನ್ನೂ ಇದ್ದಾನೆ! ಅರ್ಧ ತೀರ್ಮಾನ ಅಲ್ಲೇ ಆಗಿಹೋಯಿತು.

ಪೂರ್ತಿ ನಂಬಿಕೆ ಬಂದದ್ದು ಪೀಣ್ಯದಲ್ಲಿ. ಆರ್ಡರ್ ಕೊಟ್ಟ ಮೇಲೆ, ಮಷಿನ್ ನಮ್ಮಲ್ಲಿಗೆ ಬರುವ ಮೊದಲು, ಅವರ ಶೆಡ್ಡಿನಲ್ಲೇ ಓಡಿಸಿ ತೋರಿಸಬೇಕು. ಇದನ್ನು ಫ್ಯಾಟ್ (ಫ್ಯಾಕ್ಟರಿ ಅಕ್ಸೆಪ್ಟೆನ್ಸ್ ಟೆಸ್ಟ್) ಅನ್ನುತ್ತಾರೆ. ಸಾಮಾನ್ಯವಾಗಿ ಅವರೇ ಮರಳು ತುಂಬಿದ ಚೀಲ ಇಟ್ಟುಕೊಂಡಿರುತ್ತಾರೆ. ಮರಳಿನ ಚೀಲ ಇಟ್ಟಲ್ಲೇ ಕೂರುತ್ತದೆ, ಎಂಥ ಮಷಿನ್ ಆದರೂ ಚೆನ್ನಾಗಿ ಕಾಣುತ್ತದೆ. ನಾವು ನಮ್ಮದೇ 120 ಚೀಲ ಲಾರಿಯಲ್ಲಿ ಹಾಕಿಕೊಂಡು ಹೋದೆವು. ಪೆಲೆಟ್ (ಗುಳಿಗೆಯಂಥ ಫೀಡ್), ಪುಡಿ, ಎರಡು ಬಗೆಯೂ ಇತ್ತು. ಕಾಕಂಬಿ ಜಾಸ್ತಿ ಬಿದ್ದು ಸ್ವಲ್ಪ ಅಂಟು ಇರುವ ಬ್ಯಾಚ್ ಕೂಡ ಇತ್ತು. ಚಿತ್ರ ಅಚ್ಚಾದ ನುಣುಪು ಲ್ಯಾಮಿನೇಟೆಡ್ ಚೀಲ ಅರ್ಧ, ಮಾಮೂಲಿ ನೇಯ್ದ ಪ್ಲಾಸ್ಟಿಕ್ ಚೀಲ ಅರ್ಧ.

ಒಂದು ವರಸೆಗೆ ಮೂರು ಚೀಲ, ಹತ್ತು ವರಸೆ. ಒಂದು ಪ್ಯಾಲೆಟ್‌ಗೆ 30 ಚೀಲ, ಒಂದೂವರೆ ಟನ್. ಇಟ್ಟಿಗೆ ಗೋಡೆ ಕಟ್ಟುವಾಗ ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ಇಟ್ಟಿಗೆ ಬರುತ್ತದಲ್ಲ, ಇಲ್ಲೂ ಹಾಗೇ ಒಂದು ವರಸೆ ಬಿಟ್ಟು ಒಂದನ್ನು ತಿರುಗಿಸಿ ಇಡಬೇಕು. ಮಾಮೂಲಿ ಚೀಲ ಚೆನ್ನಾಗಿ ಕೂತಿತು. ನುಣುಪು ಚೀಲ ಏಳನೇ ವರಸೆಗೆ ಬರುತ್ತಿದ್ದಂತೆ ಮೆಲ್ಲಗೆ ವಾಲಿತು. ಎಂಟನೆಯದು ಇಟ್ಟ ತಕ್ಷಣ ಇಡೀ ಅಟ್ಟಿ ಒಂದು ಪಕ್ಕಕ್ಕೆ ಜಾರಿ ನೆಲಕ್ಕೆ ಬಿತ್ತು. ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಮಾಲೀಕರು ನನ್ನ ಮುಖ ನೋಡಿದರು.

ಅವರ ಹಿರಿಯ ಇಂಜಿನಿಯರ್ ಚೀಲದ ಮೇಲೆ ಅಂಗೈ ಇಟ್ಟು ಒತ್ತಿದರು. ಒಳಗೆ ಗಾಳಿ ಇದೆ, ದಿಂಬಿನ ಹಾಗೆ ಉಬ್ಬಿದೆ, ನಿಮ್ಮ ಚೀಲದ್ದೇ ತಪ್ಪು ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಈ ಚೀಲ ಸರಿಯಾಗಿ ನಿಲ್ಲುವವರೆಗೆ ಮಷಿನ್ ಕಳಿಸುವುದಿಲ್ಲ ಅಂದರು. ಮೂರು ವಾರ ತಡವಾಯಿತು. ಚೀಲವನ್ನು ಮೇಲಿನಿಂದ ಒತ್ತಿ ಚಪ್ಪಟೆ ಮಾಡುವ ಇನ್ನೊಂದು ಕನ್ವೇಯರ್ ಸೇರಿಸಿದರು. ಗಾಳಿ ಹೋಗಲು ಚೀಲಕ್ಕೆ ಸಣ್ಣ ಸಣ್ಣ ರಂಧ್ರ ಇರಲಿ ಅಂತ ನಮ್ಮ ಚೀಲದವರಿಗೆ ಹೇಳಿಸಿದರು. ನಾವು ಚೀಲದ ಬಟ್ಟೆಯನ್ನು ಮೈಸೂರಿನ ಹೆಬ್ಬಾಳದ ಸಿಪೆಟ್‌ಗೆ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಕೊಟ್ಟು ಎಷ್ಟು ಜಾರುತ್ತದೆ ಅಂತ ಪರೀಕ್ಷೆ ಮಾಡಿಸಿದೆವು. ಇಲ್ಲೇ ಪಕ್ಕದಲ್ಲಿ ಅಂಥ ಸಂಸ್ಥೆ ಇದೆ, ನಮ್ಮ ಕಡೆಯವರು ಅದನ್ನು ಬಳಸಿಕೊಳ್ಳುವುದು ಕಡಿಮೆ. ಎರಡನೇ ಸಲ ಹೋದಾಗ ಹತ್ತು ವರಸೆಯೂ ನಿಂತಿತು. ಫೋರ್ಕ್‌ಲಿಫ್ಟ್‌ನಲ್ಲಿ ಎತ್ತಿ ಜೋರಾಗಿ ಬ್ರೇಕ್ ಹಾಕಿ ನೋಡಿದೆವು. ಆಗಲೂ ಬೀಳಲಿಲ್ಲ.

ಆ ಅಟ್ಟಿ ನಮ್ಮ ಗೋಡೌನ್‌ನಲ್ಲಿ ಜನರ ನಡುವೆ ಬಿದ್ದಿದ್ದರೆ ಅಂತ ಈಗಲೂ ಯೋಚಿಸುತ್ತೇನೆ. ಸ್ವಂತ ಚೀಲ ಒಯ್ಯದೆ ಯಾರೂ ಮಷಿನ್ ಒಪ್ಪಿಕೊಳ್ಳಬೇಡಿ.

ಒಪ್ಪಂದದ ವಿಷಯಕ್ಕೆ ಬರುತ್ತೇನೆ. ಮೊದಲ ಮಷಿನ್ ನಮಗೆ ಏನೇನು ಕಲಿಸಿತ್ತೋ ಅದೆಲ್ಲವನ್ನೂ ಬರೆಸಿದೆವು. ಪಿಎಲ್‌ಸಿ, ಟಚ್ ಸ್ಕ್ರೀನ್, ರೋಬೋಟ್, ಈ ಮೂರರ ಪ್ರೋಗ್ರಾಂ ಪ್ರತಿ ನಮ್ಮ ಹತ್ತಿರ ಇರಬೇಕು, ಪಾಸ್‌ವರ್ಡ್ ಸಮೇತ. ಪ್ರತಿಯೊಂದು ಬಿಡಿಭಾಗಕ್ಕೂ ಅದನ್ನು ನಿಜವಾಗಿ ತಯಾರಿಸಿದ ಕಂಪನಿಯ ನಂಬರ್ ಬೇಕು, ಸಪ್ಲೈಯರ್ ಸ್ಟಿಕ್ಕರ್ ನಂಬರ್ ಅಲ್ಲ. ಹತ್ತು ವರ್ಷ ಬಿಡಿಭಾಗ ಕೊಡುತ್ತೇವೆ ಅಂತ ಸಹಿ ಬೇಕು. ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣೆಗೆ ಎಷ್ಟು, ವರ್ಷಕ್ಕೆ ಎಷ್ಟು ಏರಿಸಬಹುದು ಅನ್ನುವುದು ಈಗಲೇ ನಿಗದಿಯಾಗಬೇಕು. ವೇಗದ ಲೆಕ್ಕದಲ್ಲಿ ಪ್ಯಾಲೆಟ್ ಬದಲಾಯಿಸುವ ಹೊತ್ತನ್ನೂ ಸೇರಿಸಬೇಕು. ಇದು ಮುಖ್ಯ, ಯಾಕೆಂದರೆ ಕ್ಯಾಟಲಾಗ್‌ನಲ್ಲಿ ನಿಮಿಷಕ್ಕೆ ಹತ್ತು ಚೀಲ ಅಂತ ಇರುತ್ತದೆ, ಪ್ಯಾಲೆಟ್ ತುಂಬಿದಾಗ ನಿಲ್ಲುವ ಸಮಯ ಅದರಲ್ಲಿ ಇರುವುದಿಲ್ಲ. ಕೊನೆಗೆ, ಹಣದಲ್ಲಿ ಶೇಕಡಾ 10ರಷ್ಟನ್ನು ನಮ್ಮಲ್ಲಿ ಮೂರು ತಿಂಗಳು ಓಡಿದ ಮೇಲೆ ಕೊಡುತ್ತೇವೆ.

ಪ್ರೋಗ್ರಾಂ ಕೊಡುವ ಮಾತಿಗೆ ಪುಣೆಯವರು ಆಗುವುದಿಲ್ಲ ಅಂದರು. ಕೊಯಮತ್ತೂರಿನವರು ಪಾಸ್‌ವರ್ಡ್ ಬಿಟ್ಟು ಉಳಿದದ್ದು ಅಂದರು. ಪೀಣ್ಯದವರು ಒಂದು ದಿನದ ಸಮಯ ಕೇಳಿಕೊಂಡು, ನಮ್ಮ ಪ್ರೋಗ್ರಾಂ ಬೇರೆಯವರಿಗೆ ಕೊಡಬಾರದು ಅನ್ನುವ ಒಂದು ಸಾಲು ಸೇರಿಸಿ ಒಪ್ಪಿದರು. ಅದು ನ್ಯಾಯವೇ. ಎರಡು ಪೆನ್‌ಡ್ರೈವ್ ಇವೆ. ಒಂದು ನನ್ನ ಬೀರುವಿನಲ್ಲಿ, ಇನ್ನೊಂದು ಮಾಲೀಕರ ಮನೆಯಲ್ಲಿ.

ಬೆಲೆ 62 ಲಕ್ಷ. ಮೇಲೆ ಶೇಕಡಾ 18 ಜಿಎಸ್‌ಟಿ, 11 ಲಕ್ಷ 16 ಸಾವಿರ. ಬೇರೆ ಉದ್ಯಮದವರು ಈ ತೆರಿಗೆಯನ್ನು ತಮ್ಮ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾರೆ. ಪಶು ಆಹಾರಕ್ಕೆ ಜಿಎಸ್‌ಟಿಯೇ ಇಲ್ಲ, ಹಾಗಾಗಿ ನಮಗೆ ಆ ವಜಾ ಸಿಗುವುದಿಲ್ಲ. ಪೂರ್ತಿ ಕೈಯಿಂದಲೇ. ಫೀಡ್ ಮಾಡುವವರು ಬಜೆಟ್ ಹಾಕುವಾಗ ಇದನ್ನು ಮರೆಯಬೇಡಿ.

ಕೂರಿಸುವ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಅದರ ಬಗ್ಗೆ ಒಂದೇ ಸಂಗತಿ ಹೇಳಬೇಕು. ರೋಬೋಟ್ ಸುತ್ತ ಜಾಲರಿ ಬೇಲಿ ಇದೆ. ಬೇಲಿಯ ಬಾಗಿಲು ತೆರೆದರೆ ರೋಬೋಟ್ ನಿಲ್ಲಬೇಕು. ತುಂಬಿದ ಪ್ಯಾಲೆಟ್ ಹೊರಬರುವ ಕಡೆ ಲೈಟ್ ಕರ್ಟನ್, ಅಂದರೆ ಬೆಳಕಿನ ಕಿರಣಗಳ ಪರದೆ ಇದೆ. ಪ್ಯಾಲೆಟ್ ಬಂದರೆ ಬಿಡುತ್ತದೆ, ಮನುಷ್ಯ ಕಾಲಿಟ್ಟರೆ ನಿಲ್ಲಿಸುತ್ತದೆ. ಒಂಬತ್ತನೇ ದಿನ ಬಾಗಿಲಿನ ಸ್ವಿಚ್ ಒಂದು ಕೈಕೊಟ್ಟಿತು, ಬದಲಿ ಬರಲು ಎರಡು ದಿನ ಆಗುತ್ತಿತ್ತು. ಗೋಡೌನ್ ಖಾಲಿಯಾಗುತ್ತಿತ್ತು. ನಮ್ಮವರೇ ಒಂದು ವೈರ್ ಜೋಡಿಸಿ ಬೈಪಾಸ್ ಮಾಡಿಬಿಡೋಣ ಅಂದರು. ಹಳೆಯ ಗ್ಯಾಂಟ್ರಿಯಲ್ಲಿ ವರ್ಷಗಟ್ಟಲೆ ಹಾಗೇ ಓಡಿಸಿದ್ದೆವು, ಮೊದಲಿನವರೇ ಮಾಡಿಕೊಟ್ಟಿದ್ದರು. ಪೀಣ್ಯದಿಂದ ಬಂದಿದ್ದ ಹುಡುಗನಿಗೆ ಇಪ್ಪತ್ನಾಲ್ಕು ವರ್ಷ ಇರಬಹುದು. ಅವನು ಪ್ಯಾನಲ್ ಕೀಲಿ ಜೇಬಿಗೆ ಹಾಕಿಕೊಂಡು, ಆಗುವುದಿಲ್ಲ ಸಾರ್ ಅಂದ. ಮಾಲೀಕರು ಬಂದು ಕೇಳಿದರೂ ಅದೇ ಮಾತು. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಮರುದಿನ ಮಧ್ಯಾಹ್ನ ತಾನೇ ಸ್ವಿಚ್ ತಂದು ಹಾಕಿದ. ನಮ್ಮ ಮಾಲೀಕರಿಗೆ ಅವತ್ತು ಸಿಟ್ಟು ಬಂದಿತ್ತು. ಈಗ ಬಂದವರಿಗೆಲ್ಲ ಆ ಹುಡುಗನ ಕಥೆ ಅವರೇ ಹೇಳುತ್ತಾರೆ.

ಮೂರು ವರ್ಷದಲ್ಲಿ ಹೇಗೆ ಓಡಿದೆ? ನಿಮಿಷಕ್ಕೆ ಎಂಟು ಚೀಲ ಅಂದಿದ್ದರು, ಪಾಳಿಯ ಸರಾಸರಿ ಏಳು ಸಿಗುತ್ತಿದೆ. 2400 ಚೀಲಕ್ಕೆ ಆರು ಗಂಟೆಗೂ ಕಡಿಮೆ, ನಮಗೆ ಸಾಕು. ಲಾಗ್ ಬುಕ್ ಪ್ರಕಾರ ಇಡೀ ಪಾಳಿ ನಿಂತದ್ದು ಐದು ಸಲ. ಅದರಲ್ಲಿ ಎರಡು ಸಲ ತಪ್ಪು ನಮ್ಮ ಪ್ಯಾಲೆಟ್‌ನದು. ಹಲಗೆಯಿಂದ ಎದ್ದ ಒಂದು ಮೊಳೆ ಮ್ಯಾಗಜಿನ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಸಾಕು, ಎಲ್ಲವೂ ನಿಲ್ಲುತ್ತದೆ. ಹಮಾಲಿಗಳ ಕಾಲದಲ್ಲಿ ಮುರುಕು ಪ್ಯಾಲೆಟ್ ಕೂಡ ನಡೆಯುತ್ತಿತ್ತು, ಅವರು ನೋಡಿಕೊಂಡು ಇಡುತ್ತಿದ್ದರು. ಮಷಿನ್ ಹಾಗೆ ನೋಡಿಕೊಳ್ಳುವುದಿಲ್ಲ. ಈಗ ಬೆಳಿಗ್ಗೆ ಒಬ್ಬ ಸುತ್ತಿಗೆ ಹಿಡಿದು ಎಂಬತ್ತು ಪ್ಯಾಲೆಟ್ ಸವರಿ ನೋಡುತ್ತಾನೆ. ಆ ಕೆಲಸಕ್ಕೆ ಒಂದು ಗಂಟೆ ಬೇಕು. ಯಾವ ಸಪ್ಲೈಯರ್ ಕೂಡ ಇದನ್ನು ಮೊದಲೇ ಹೇಳುವುದಿಲ್ಲ.

ಪೀಣ್ಯದವರ ತಪ್ಪುಗಳನ್ನೂ ಹೇಳಬೇಕು. ಗಾಳಿಗೆ ನಿಮ್ಮ ಹಳೆಯ ಕಂಪ್ರೆಸರ್ ಸಾಕು ಅಂದಿದ್ದರು, ಸಾಕಾಗಲಿಲ್ಲ. ಮಳೆಗಾಲದಲ್ಲಿ ಗಾಳಿಯ ಪೈಪಿನಲ್ಲಿ ನೀರು ಸೇರಿ ಗ್ರಿಪ್ಪರ್ ಬೆರಳು ನಿಧಾನವಾಯಿತು. ಚೀಲ ಅರ್ಧ ದಾರಿಯಲ್ಲಿ ಬೀಳತೊಡಗಿತು. ಡ್ರೈಯರ್ ಹಾಕಿದ ಮೇಲೆ ಸರಿಹೋಯಿತು. ಲೆಕ್ಕ ತಪ್ಪಿದ್ದು ನಾವು ಅಂತ ಒಪ್ಪಿ ಅರ್ಧ ಹಣ ಅವರೇ ಹಾಕಿದರು. ಅರ್ಧ ಯಾಕೆ, ಪೂರ್ತಿ ಹಾಕಬೇಕಿತ್ತು ಅನ್ನುವುದು ಈಗಲೂ ನನ್ನ ಅಭಿಪ್ರಾಯ. ಇನ್ನೊಮ್ಮೆ ಗ್ರಿಪ್ಪರ್‌ನ ಒಂದು ಬೇರಿಂಗ್‌ಗೆ ಹನ್ನೆರಡು ದಿನ ಕಾಯಿಸಿದರು. ಸ್ಟಾಕ್ ಇಟ್ಟಿದ್ದೇವೆ ಅಂತ ಒಪ್ಪಂದದಲ್ಲಿ ಇತ್ತು, ಇರಲಿಲ್ಲ. ಅವರ ಹುಡುಗರು ಮೈಸೂರಿನಲ್ಲೇ ಒಂದು ತಾತ್ಕಾಲಿಕ ಬುಷ್ ಮಾಡಿಸಿ ಹಾಕಿ ಲೈನ್ ನಿಲ್ಲದ ಹಾಗೆ ನೋಡಿಕೊಂಡರು. ಆದರೂ ಅಂಥ ಮಾತು ತಪ್ಪಬಾರದು. ಅವತ್ತಿನಿಂದ ಆ ಬೇರಿಂಗ್ ಎರಡು ಜೊತೆ ನಮ್ಮ ಸ್ಟೋರ್‌ನಲ್ಲೇ ಇದೆ. ತಯಾರಕರ ನಂಬರ್ ಕೈಯಲ್ಲಿ ಇದ್ದದ್ದಕ್ಕೆ ನೇರವಾಗಿ ಕೊಂಡೆವು.

ಟಚ್ ಸ್ಕ್ರೀನ್ ಕನ್ನಡದಲ್ಲಿ ಬೇಕು ಅಂತ ಮೊದಲೇ ಕೇಳಿದ್ದೆ. ನಾಲ್ಕು ತಿಂಗಳು ಎಳೆದರು. ಬಂದಾಗ ಯಾರೋ ಕಂಪ್ಯೂಟರಿನಲ್ಲಿ ತಿರುಗಿಸಿದ ಭಾಷೆ, ನಮ್ಮ ಆಪರೇಟರ್‌ಗೆ ಒಂದೂ ಅರ್ಥವಾಗಲಿಲ್ಲ. ಒಂದು ಮಧ್ಯಾಹ್ನ ಅವರ ಪ್ರೋಗ್ರಾಮರ್ ಮತ್ತು ನಮ್ಮ ಇಬ್ಬರು ಆಪರೇಟರ್‌ಗಳು ಒಟ್ಟಿಗೆ ಕೂತರು. ದೋಷ ನಿವಾರಣೆ ಅಂತ ಇದ್ದದ್ದು ತಡೆ ತೆಗೆ ಅಂತಾಯಿತು. ಚೀಲ ಬಂದಿಲ್ಲ, ಗಾಳಿ ಕಡಿಮೆ, ಪ್ಯಾಲೆಟ್ ಸಿಕ್ಕಿಕೊಂಡಿದೆ, ಬಾಗಿಲು ಹಾಕಿ, ಹೀಗೆ ನಾವು ಆಡುವ ಮಾತಿನಲ್ಲೇ ಬರೆದರು. ಅವತ್ತಿನಿಂದ ನನಗೆ ಫೋನ್ ಬರುವುದು ಅರ್ಧಕ್ಕೆ ಇಳಿಯಿತು. ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗ ಕೂಡ ಈಗ ಸ್ಕ್ರೀನ್ ಓದಿ ಮಷಿನ್ ಸರಿಮಾಡುತ್ತಾನೆ. ಮಷಿನ್ ಕೊಳ್ಳುವವರು ಇದನ್ನು ಮುಲಾಜಿಲ್ಲದೆ ಕೇಳಿ, ಒಪ್ಪಂದದಲ್ಲೇ ಬರೆಸಿ.

ಸರ್ವಿಸ್‌ಗೆ ಬರುವುದು ಹೇಗೆ? ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಯಾರಾದರೂ ಮಾತಾಡುತ್ತಾರೆ. ಹೆಚ್ಚಿನವು ಫೋನಿನಲ್ಲೇ ಮುಗಿಯುತ್ತವೆ. ಬರಲೇಬೇಕಾದರೆ ಪೀಣ್ಯದಿಂದ ಎರಡೂವರೆ ಗಂಟೆ. 2023ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಬಂದ ಮೇಲೆ ತುಂಬಾ ಅನುಕೂಲವಾಯಿತು. ಮೊದಲು ಅವರ ಹುಡುಗರು ಬೈಕಿನಲ್ಲೇ ಬರುತ್ತಿದ್ದರು. ಅದೇ ವರ್ಷದ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಈಗ ಬಿಡಿಭಾಗದ ಪೆಟ್ಟಿಗೆ ಇಟ್ಟ ವ್ಯಾನ್ ಬರುತ್ತದೆ. ಅದರಿಂದ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುವುದು ಜಾಸ್ತಿಯಾಗಿದೆ. ಎಷ್ಟು ಒಳ್ಳೆಯ ಕಂಪನಿ ಆದರೂ ಸಾವಿರ ಕಿಲೋಮೀಟರ್ ದೂರ ಇದ್ದರೆ ಈ ಸುಖ ಇರುವುದಿಲ್ಲ.

ಹಮಾಲಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಯಾರನ್ನೂ ಕಳಿಸಿಲ್ಲ. ಇಬ್ಬರು ಫೋರ್ಕ್‌ಲಿಫ್ಟ್ ಕಲಿತರು. ಒಬ್ಬ ಪ್ಯಾಲೆಟ್ ನೋಡಿಕೊಳ್ಳುತ್ತಾನೆ. ಗೋಡೆಗೆ ಒರಗಿ ಊಟ ಮಾಡುತ್ತಿದ್ದ ಹಿರಿಯರು ಈಗ ಹೊಲಿಗೆ ಮಷಿನ್ ಹತ್ತಿರ ಕುರ್ಚಿಯಲ್ಲಿ ಕೂತು ದಾರ ನೋಡಿಕೊಳ್ಳುತ್ತಾರೆ. ಉಳಿದವರು ಲಾರಿ ತುಂಬುತ್ತಾರೆ. ಹೌದು, ಲಾರಿಗೆ ಈಗಲೂ ಕೈಯಿಂದಲೇ ತುಂಬಬೇಕು. ನಮ್ಮ ಮಾಲು ಹೋಗುವುದು ಹಳ್ಳಿಯ ಹಾಲಿನ ಸಂಘಗಳಿಗೆ, ಅಂಗಡಿಗಳಿಗೆ. ಅಲ್ಲಿ ಪ್ಯಾಲೆಟ್ ಇಳಿಸಲು ಫೋರ್ಕ್‌ಲಿಫ್ಟ್ ಎಲ್ಲಿದೆ? ಮಷಿನ್ ತಂದರೆ ಹಮಾಲಿಯೇ ಬೇಡ ಅಂತ ಯಾವ ಸೇಲ್ಸ್‌ನವರಾದರೂ ಹೇಳಿದರೆ ನಂಬಬೇಡಿ. ಅರ್ಧ ಭಾರ ಇಳಿದಿದೆ, ಅರ್ಧ ಹಾಗೇ ಇದೆ. ಲಾರಿಗೆ ನೇರವಾಗಿ ತುಂಬುವ ಕನ್ವೇಯರ್ ಬಗ್ಗೆ ಪೀಣ್ಯದವರ ಜೊತೆ ಮಾತು ನಡೆಯುತ್ತಿದೆ.

ನನ್ನನ್ನು ಕೇಳಿದರೆ ಇವರಿಗೆ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಬೇರಿಂಗ್‌ಗೆ ಮತ್ತು ಕಂಪ್ರೆಸರ್‌ಗೆ. ದಿನಕ್ಕೆ ಐನೂರು ಆರುನೂರು ಚೀಲ ಮಾಡುವ ಸಣ್ಣ ಘಟಕಕ್ಕೆ ಇಷ್ಟು ದೊಡ್ಡ ಮಷಿನ್ ಬೇಡ. ಚೀಲವನ್ನು ಸೊಂಟದ ಎತ್ತರಕ್ಕೆ ತರುವ ಕನ್ವೇಯರ್ ಮತ್ತು ಗಾಳಿಯ ಬಲದಿಂದ ಎತ್ತುವ ಲಿಫ್ಟರ್ ಸಾಕು, ಅದರಲ್ಲೇ ಬೆನ್ನು ಉಳಿಯುತ್ತದೆ. ಎರಡು ಸಾವಿರ ಚೀಲ ದಾಟಿದವರು ಯೋಚಿಸಬಹುದು.

ಹೋದ ತಿಂಗಳು ರೋಬೋಟ್‌ನ ಬ್ಯಾಟರಿ ಬದಲಾಯಿಸುವ ದಿನ ಬಂತು. ನಮ್ಮದು ಹಳದಿ ಬಣ್ಣದ ಫನುಕ್. ಅದರ ಬುಡದಲ್ಲಿ ದೊಡ್ಡ ಟಾರ್ಚಿಗೆ ಹಾಕುವಂಥ ನಾಲ್ಕು ದಪ್ಪ ಸೆಲ್ ಇವೆ. ಕೈ ಎಲ್ಲಿದೆ ಅನ್ನುವ ನೆನಪು ಕರೆಂಟ್ ಇಲ್ಲದಾಗ ಅದರಲ್ಲಿ ಉಳಿಯುತ್ತದೆ. ವರ್ಷಕ್ಕೊಮ್ಮೆ ಬದಲಾಯಿಸಬೇಕು, ಅದೂ ಕರೆಂಟ್ ಇರುವಾಗಲೇ. ಕರೆಂಟ್ ತೆಗೆದು ಸೆಲ್ ಬಿಚ್ಚಿದರೆ ನೆನಪು ಹೋಗುತ್ತದೆ. ಮೊದಲ ವರ್ಷ ಪೀಣ್ಯದ ಹುಡುಗ ಬದಲಾಯಿಸಿದ, ನಮ್ಮ ಎಲೆಕ್ಟ್ರಿಶಿಯನ್ ನೋಡಿದ. ಎರಡನೇ ವರ್ಷ ನಮ್ಮವನು ಬದಲಾಯಿಸಿದ, ಆ ಹುಡುಗ ಪಕ್ಕದಲ್ಲಿ ನಿಂತಿದ್ದ. ಈ ಸಲ ಅವರು ಬರಲೇ ಇಲ್ಲ. ಬೆಳಿಗ್ಗೆ ಫೋನ್ ಮಾಡಿ ನೆನಪಿಸಿದರು, ಅಷ್ಟೇ. ನಮ್ಮವನು ಕೆಂಪು ಬಟನ್ ಒತ್ತಿ ರೋಬೋಟ್ ನಿಲ್ಲಿಸಿದ. ಕರೆಂಟ್ ಇದೆ ಅಂತ ಎರಡು ಸಲ ನೋಡಿದ. ಹಳೆಯ ಸೆಲ್ ತೆಗೆದು ಹೊಸದು ಹಾಕಿದ. ಮುಚ್ಚಳ ಬಿಗಿದು, ಪ್ಯಾನಲ್ ಬಾಗಿಲಿನ ಒಳಗೆ ಮಾರ್ಕರ್‌ನಲ್ಲಿ ತಾರೀಖು ಬರೆದು ಸಹಿ ಹಾಕಿದ. ಹತ್ತು ನಿಮಿಷದಲ್ಲಿ ಚೀಲ ಮತ್ತೆ ಓಡತೊಡಗಿತು.